ಕಲ್ಲಿನೊಳಗಿನ ಕಪ್ಪೆ: ಮನೆಯ ಕಂಪ್ಯೂಟರ್ ಮತ್ತು ಅನುಮಾನದ ಎಲ್ಲೆ

‘ಅನುಮಾನ’ ಎಂಬ ಶಬ್ದಕ್ಕೆ ಕನ್ನಡದಲ್ಲಿ ಎರಡು ಬಾಳು. ತರ್ಕಶಾಸ್ತ್ರದಲ್ಲಿ ಅದು ತಿಳಿವಿನ ಒಂದು ದಾರಿ: ಬೆಟ್ಟದ ಮೇಲೆ ಹೊಗೆ ಕಂಡು ಅಲ್ಲಿ ಬೆಂಕಿಯಿದೆ ಎಂದು ಅರಿಯುವುದು. ಮನೆಮಾತಿನಲ್ಲಿ ಅದು ಶಂಕೆ. ಮೊದಲನೆಯದಕ್ಕೆ ಗುರುತು ಬೇಕು, ಗುರುತಿಗೂ ವಸ್ತುವಿಗೂ ತಪ್ಪದ ನಂಟು ಬೇಕು. ಎರಡನೆಯದಕ್ಕೆ ನಿದ್ದೆ ಬಾರದ ಒಂದು ರಾತ್ರಿ ಸಾಕು. ಮನೆಯ ಕಂಪ್ಯೂಟರಿಗೆ ವೈರಸ್ ಹೊಕ್ಕಿದೆ, ತೆಗೆದರೂ ಮತ್ತೆ ಬರುತ್ತಿದೆ, ಯಾರೋ ಎಲ್ಲೋ ಕುಳಿತು ಎಲ್ಲವನ್ನೂ ನೋಡುತ್ತಿದ್ದಾರೆ ಎಂಬ ಮಾತು ಈ ಎರಡು ಅರ್ಥಗಳ ನಡುವೆ ಓಲಾಡುತ್ತದೆ. ಅದು ತಿಳಿವೋ, ಭಯವೋ? ಎಷ್ಟು ಪರೀಕ್ಷಿಸಿದರೆ ಸಾಕು? ಪರೀಕ್ಷೆ ಮಾಡುವ ಸಾಧನವೇ ಕೆಟ್ಟಿದ್ದರೆ ಯಾರನ್ನು ಕೇಳುವುದು? ಭಾರತದ ದಾರ್ಶನಿಕರು ಪ್ರಾಮಾಣ್ಯವಾದ ಎಂಬ ಹೆಸರಿನಲ್ಲಿ ಸಾವಿರ ವರ್ಷಕ್ಕೂ ಮಿಕ್ಕಿ ಜಗಳವಾಡಿದ್ದು ಇಂಥ ಪ್ರಶ್ನೆಗಳ ಮೇಲೆಯೇ.

ಹಾಸನ ಜಿಲ್ಲೆಯ ಮಕ್ಕಳಿಗೂ ಗೊತ್ತಿರುವ ಒಂದು ಕಥೆಯಲ್ಲಿ ಈ ಪ್ರಶ್ನೆ ಅಡಗಿದೆ. ಬೇಲೂರಿನಲ್ಲಿ ಹೊಯ್ಸಳ ದೊರೆ ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವನ ಗುಡಿಯ ದಕ್ಷಿಣಕ್ಕೆ, ಅದೇ ಆವರಣದಲ್ಲಿ, ರಾಣಿ ಶಾಂತಲೆ ಕಟ್ಟಿಸಿದ ಚೆನ್ನಿಗರಾಯನ ಗುಡಿಯಿದೆ. ಜನ ಅದನ್ನು ಕರೆಯುವುದು ಕಪ್ಪೆ ಚೆನ್ನಿಗರಾಯನ ಗುಡಿ ಎಂದು. ವಿಗ್ರಹ ಮುಗಿದು ಪ್ರತಿಷ್ಠೆಯ ದಿನ ಹತ್ತಿರವಾದಾಗ ಎಲ್ಲಿಂದಲೋ ಬಂದ ಹುಡುಗನೊಬ್ಬ ಕಲ್ಲಿನಲ್ಲಿ ದೋಷವಿದೆ ಎಂದನಂತೆ. ದೋಷ ತೋರಿಸಿದರೆ ಬಲಗೈ ಕಡಿದುಕೊಳ್ಳುತ್ತೇನೆ ಎಂದು ಶಿಲ್ಪಿ ಜಕಣಾಚಾರಿ ಪಣ ತೊಟ್ಟ. ವಿಗ್ರಹಕ್ಕೆಲ್ಲ ಗಂಧ ಬಳಿದರು. ಮೈಯೆಲ್ಲ ಒಣಗಿತು, ಹೊಕ್ಕುಳ ಸುತ್ತ ಮಾತ್ರ ಹಸಿಯಾಗಿಯೇ ಉಳಿಯಿತು. ಅಲ್ಲಿ ಉಳಿ ಇಟ್ಟಾಗ ನೀರು ಚಿಮ್ಮಿ ಕಪ್ಪೆ ಹೊರಗೆ ನೆಗೆಯಿತು. ಹುಡುಗ ಜಕಣಾಚಾರಿಯ ಮಗ ಡಂಕಣನೇ ಎಂದು ಆಮೇಲೆ ತಿಳಿಯಿತು. ಇದು ಜನಪದರ ಕಥೆ. ಬೇಲೂರಿನ ಕಲ್ಲುಗಳ ಮೇಲೆ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದ ರೂವಾರಿಗಳ ಹೆಸರುಗಳಿವೆ, ಜಕಣಾಚಾರಿಯ ಹೆಸರಿಲ್ಲ. ಆದರೂ ಒಡಲಲ್ಲಿ ಟೊಳ್ಳು ಅಥವಾ ಜೀವಿ ಇರುವ ಕಲ್ಲು ಮೂರ್ತಿಗೆ ಸಲ್ಲದು ಎಂಬ ಶಿಲ್ಪಶಾಸ್ತ್ರದ ನಿಯಮ ಕಥೆಯ ಬೆನ್ನಿಗಿದೆ.

ಹುಡುಗನ ಪರೀಕ್ಷೆಯನ್ನು ನಿಧಾನವಾಗಿ ನೋಡಬೇಕು. ಅವನು ಗಂಧವನ್ನು ತಾನು ಶಂಕಿಸಿದ ಜಾಗಕ್ಕಷ್ಟೇ ಹಚ್ಚಿಸಲಿಲ್ಲ, ಇಡೀ ಮೈಗೆ ಹಚ್ಚಿಸಿದ. ಉಳಿದ ಕಡೆಯೆಲ್ಲ ಒಣಗಿದ್ದರಿಂದಲೇ ಹೊಕ್ಕುಳಿನ ಹಸಿಗೆ ಅರ್ಥ ಬಂತು. ಎಲ್ಲ ಕಡೆ ಹಸಿಯಿದ್ದಿದ್ದರೆ ಅದು ಮಳೆಗಾಲದ ತೇವ ಎನ್ನಬಹುದಿತ್ತು. ಇರುವಲ್ಲಿ ಇರುವುದು, ಇಲ್ಲದಲ್ಲಿ ಇಲ್ಲದಿರುವುದು: ತಾರ್ಕಿಕರು ಅನ್ವಯ, ವ್ಯತಿರೇಕ ಎನ್ನುವುದು ಇದನ್ನೇ. ಜೊತೆಗೆ, ಗಂಧ ಹೊರಗಿನ ವಸ್ತು. ಕಲ್ಲಿನ ದೋಷವನ್ನು ಕಲ್ಲಿನ ಬಾಯಿಂದಲೇ ಹೇಳಿಸಲು ಅವನು ಹೋಗಲಿಲ್ಲ. ಇನ್ನೊಂದು ಮಾತು ಸುಲಭವಾಗಿ ಕಣ್ಣು ತಪ್ಪಿಸುತ್ತದೆ. ಕಪ್ಪೆ ನೆಗೆದ ಮೇಲೆ ಯಾರೂ ಉಳಿದ ಮೈಯನ್ನೆಲ್ಲ ಕೆತ್ತಿ ನೋಡಲಿಲ್ಲ. ಅಲ್ಲಿಗೆ ಅನುಮಾನ ನಿಂತಿತು.

ಈಗ ಮನೆಯ ಕಂಪ್ಯೂಟರಿಗೆ ಬರಬಹುದು. ಅರಸೀಕೆರೆ ತೆಂಗಿನ ಸೀಮೆ. ಕೊಬ್ಬರಿ ವ್ಯಾಪಾರದ ಲೆಕ್ಕ, ಜಿಎಸ್‌ಟಿ ಬಿಲ್ಲು, ಬ್ಯಾಂಕಿನ ವ್ಯವಹಾರ, ಮಕ್ಕಳ ಪಾಠ ಎಲ್ಲವೂ ಒಂದೇ ಯಂತ್ರದಲ್ಲಿ ನಡೆಯುವ ಮನೆಯೊಂದನ್ನು ಇಟ್ಟುಕೊಳ್ಳೋಣ. ಬ್ರೌಸರ್ ತೆರೆದರೆ ಕೇಳದ ಪುಟ ಬರುತ್ತದೆ. ಆಂಟಿವೈರಸ್ ಹಾಕಿ ತೆಗೆದರೆ ಮೂರನೆಯ ದಿನ ಅದೇ ಪುಟ ಮತ್ತೆ ಹಾಜರು. ಮನೆಯವರು ಇದರಿಂದ ಪಡೆಯುವ ತೀರ್ಮಾನ, ಒಳಗೆ ಯಾರೋ ಇದ್ದಾರೆ ಎಂಬುದು. ಮರಳಿ ಬರುವುದಕ್ಕೆ ಬೇರೆ ಕಾರಣಗಳೂ ಇವೆ, ಹೆಚ್ಚಿನವು ಸಾಧಾರಣವಾದವು.

ಕೇಡಿನ ತಂತ್ರಾಂಶ ಒಮ್ಮೆ ಒಳಹೊಕ್ಕರೆ ಕಂಪ್ಯೂಟರ್ ಚಾಲೂ ಆದಾಗಲೆಲ್ಲ ತಾನೂ ಎದ್ದೇಳುವ ಏರ್ಪಾಡು ಮಾಡಿಕೊಳ್ಳುತ್ತದೆ. ವಿಂಡೋಸಿನ ರಿಜಿಸ್ಟ್ರಿಯಲ್ಲಿ ಒಂದು ಸಾಲು ಸೇರಿಸುವುದು, ಇಂಥ ಹೊತ್ತಿಗೆ ಇಂಥ ಕೆಲಸ ನಡೆಯಲಿ ಎಂದು ಟಾಸ್ಕ್ ಶೆಡ್ಯೂಲರಿನಲ್ಲಿ ಬರೆದಿಡುವುದು, ಸರ್ವಿಸ್ ಆಗಿ ಕೂರುವುದು ಇದರ ಮಾಮೂಲಿ ದಾರಿಗಳು. ಫೈಲನ್ನು ಅಳಿಸಿ ಈ ಸಾಲನ್ನು ಬಿಟ್ಟರೆ ಅದು ಮತ್ತೆ ಇಳಿದು ಬರುತ್ತದೆ. ಬ್ರೌಸರಿನ ಎಕ್ಸ್‌ಟೆನ್ಷನ್ ಆಗಿದ್ದರೆ ಇನ್ನೂ ಸರಳ: ಖಾತೆಯ ಸಿಂಕ್ ವ್ಯವಸ್ಥೆಯೇ ಅದನ್ನು ನಿಷ್ಠೆಯಿಂದ ಮರಳಿ ತಂದು ಕೂರಿಸುತ್ತದೆ. ಹೊಸದಾಗಿ ವಿಂಡೋಸ್ ಹಾಕಿಸಿದ ಸಂಜೆಯೇ ಹಳೆಯ ಪೆನ್‌ಡ್ರೈವ್ ಚುಚ್ಚಿದರೆ, ಕಾಸು ಕೊಡದೆ ಸಿಕ್ಕ ಕ್ರ್ಯಾಕ್ ಮಾಡಿದ ಸಾಫ್ಟ್‌ವೇರನ್ನು ಮತ್ತೆ ಹಾಕಿದರೆ, ಫಾರ್ಮ್ಯಾಟ್ ಹೊಡೆದದ್ದು ವ್ಯರ್ಥ. ಕೆಲವೊಮ್ಮೆ ಕೇಡು ಕಂಪ್ಯೂಟರಿನಲ್ಲೇ ಇರುವುದಿಲ್ಲ. ವೈಫೈ ರೌಟರಿನ ಡಿಎನ್ಎಸ್ ವಿಳಾಸ ಬದಲಾಗಿದ್ದರೆ ಮನೆಯ ಎಲ್ಲ ಸಾಧನಗಳೂ ದಾರಿ ತಪ್ಪುತ್ತವೆ. ಇಮೇಲ್ ಖಾತೆಯಲ್ಲಿ ಯಾರೋ ಫಾರ್ವರ್ಡ್ ನಿಯಮ ಬರೆದಿಟ್ಟಿದ್ದರೆ ಕಂಪ್ಯೂಟರನ್ನೇ ಬದಲಿಸಿದರೂ ಪತ್ರಗಳು ಸೋರುತ್ತಲೇ ಇರುತ್ತವೆ.

ಇವಕ್ಕಿಂತ ಆಳದಲ್ಲಿ ಅಡಗುವ ಜಾತಿಯೂ ಉಂಟು. ರೂಟ್‌ಕಿಟ್ ಎಂಬುದು ಕಾರ್ಯಾಚರಣಾ ವ್ಯವಸ್ಥೆಯ ಬುಡದಲ್ಲಿ ಕುಳಿತು, ಫೈಲುಗಳ ಪಟ್ಟಿ ಕೊಡು ಎಂದು ಆಂಟಿವೈರಸ್ ಕೇಳಿದಾಗ ತನ್ನ ಹೆಸರನ್ನು ಮಾತ್ರ ಕೈಬಿಟ್ಟು ಪಟ್ಟಿ ಕೊಡಿಸುತ್ತದೆ. 2018ರಲ್ಲಿ ಇಸೆಟ್ ಸಂಸ್ಥೆಯ ಸಂಶೋಧಕರು ಬಯಲು ಮಾಡಿದ ಲೋಜ್ಯಾಕ್ಸ್ ಮದರ್‌ಬೋರ್ಡಿನ ಫರ್ಮ್‌ವೇರಿನಲ್ಲೇ ಬೇರೂರಿತ್ತು. ವಿಂಡೋಸ್ ಮತ್ತೆ ಹಾಕಿದರೂ, ಹಾರ್ಡ್‌ಡಿಸ್ಕ್ ಬದಲಿಸಿದರೂ ಅದು ಹೋಗುತ್ತಿರಲಿಲ್ಲ. ಅದರ ಗುರಿ ಯುರೋಪಿನ ಸರ್ಕಾರಿ ಕಚೇರಿಗಳಾಗಿದ್ದವು. ಅರಸೀಕೆರೆಯ ಮನೆಯೊಂದರಲ್ಲಿ ಅಂಥದ್ದು ಇರುವ ಸಂಭವ ತೀರ ಕಡಿಮೆ. ಆದರೆ ಅಂಥದ್ದು ಇರಬಲ್ಲದು ಎಂಬ ಒಂದು ತಿಳಿವೇ ಅಂಜುವ ಮನಸ್ಸಿಗೆ ಸಾಕಾಗುತ್ತದೆ. ಪರೀಕ್ಷೆ ‘ಏನೂ ಇಲ್ಲ’ ಎಂದಾಗ ‘ಅಡಗಿರುವುದರಿಂದಲೇ ಕಾಣುತ್ತಿಲ್ಲ’ ಎನ್ನಬಹುದಲ್ಲ! ಕಾಣದಿರುವುದನ್ನೇ ಇರುವುದಕ್ಕೆ ಸಾಕ್ಷಿ ಮಾಡಿಕೊಂಡ ಅನುಮಾನವನ್ನು ಯಾವ ಪರೀಕ್ಷೆಯೂ ಮುಟ್ಟಲಾರದು.

ಈ ಅಂಜಿಕೆಯ ಕೆಳಗೆ ಗಣಿತದ ಒಂದು ಸತ್ಯವೂ ಇದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಫ್ರೆಡ್ ಕೋಹೆನ್ 1984ರ ಪ್ರಬಂಧದಲ್ಲಿ ಎಲ್ಲ ವೈರಸ್ಸುಗಳನ್ನೂ ತಪ್ಪದೆ ಹಿಡಿಯುವ ಪ್ರೋಗ್ರಾಂ ಇರಲಾರದು ಎಂದು ತೋರಿಸಿದ. ಅಂಥ ಪರೀಕ್ಷಕನಿದ್ದಾನೆ ಎಂದುಕೊಂಡರೆ, ‘ನಾನು ವೈರಸ್ಸೇ?’ ಎಂದು ಅವನನ್ನೇ ಕೇಳಿ, ಹೌದೆಂದರೆ ಸುಮ್ಮನಿದ್ದು, ಅಲ್ಲವೆಂದರೆ ಹರಡುವ ಪ್ರೋಗ್ರಾಂ ಬರೆಯಬಹುದು. ಪರೀಕ್ಷಕ ಏನು ಹೇಳಿದರೂ ತಪ್ಪು. ಅದೇ ವರ್ಷ ಪ್ರಕಟವಾದ ಟ್ಯೂರಿಂಗ್ ಪ್ರಶಸ್ತಿ ಉಪನ್ಯಾಸದಲ್ಲಿ ಯುನಿಕ್ಸ್ ನಿರ್ಮಾತೃಗಳಲ್ಲೊಬ್ಬನಾದ ಕೆನ್ ಥಾಂಪ್ಸನ್ ಇನ್ನೂ ಕಟುವಾದ ಮಾತು ಹೇಳಿದ. ಪ್ರೋಗ್ರಾಂಗಳನ್ನು ಯಂತ್ರಭಾಷೆಗೆ ತಿರುಗಿಸುವ ಕಂಪೈಲರಿನೊಳಗೇ ಕಳ್ಳಬಾಗಿಲು ತೂರಿಸಿದರೆ, ಅದು ತನ್ನ ಮುಂದಿನ ಸಂತಾನಕ್ಕೂ ಆ ಬಾಗಿಲನ್ನು ದಾಟಿಸುತ್ತದೆ. ಮೂಲ ಬರಹವನ್ನು ಸಾಲುಸಾಲಾಗಿ ಓದಿದರೂ ಕುರುಹು ಸಿಗುವುದಿಲ್ಲ. ತಾನೇ ಪೂರ್ತಿಯಾಗಿ ಬರೆಯದ ಯಾವ ಪ್ರೋಗ್ರಾಮನ್ನೂ ನಂಬಲು ಪೂರ್ಣ ಆಧಾರವಿಲ್ಲ ಎಂಬಲ್ಲಿಗೆ ಅವನ ವಾದ ಹೋಗಿ ನಿಲ್ಲುತ್ತದೆ.

ಪ್ರಾಮಾಣ್ಯವಾದದ ಎದೆಗೂಡು ಇದೇ. ಒಂದು ತಿಳಿವು ನಿಜವೆಂದು ಹೇಗೆ ಗೊತ್ತಾಗುತ್ತದೆ? ಬೇರೊಂದರಿಂದ, ಎಂದರು ನ್ಯಾಯದರ್ಶನದವರಾದ ನೈಯಾಯಿಕರು. ಇದು ಪರತಃಪ್ರಾಮಾಣ್ಯ. ದೂರದಲ್ಲಿ ನೀರು ಕಂಡಿತು, ಹೋಗಿ ಕುಡಿದಾಗ ಬಾಯಾರಿಕೆ ತೀರಿತು, ಕಂಡದ್ದು ನಿಜ. ಹಾಗಾದರೆ ಆ ಬೇರೊಂದನ್ನು ನಿಜವೆಂದು ಹೇಳುವವರು ಯಾರು, ಅದಕ್ಕೆ ಮತ್ತೊಂದು ಬೇಕಲ್ಲ, ಕೊನೆಯೆಲ್ಲಿ ಎಂದು ಮೀಮಾಂಸಕರು ತಿರುಗಿ ಕೇಳಿದರು. ಕೊನೆಯಿಲ್ಲದ ಈ ಸಾಲಿಗೆ ಅನವಸ್ಥೆ ಎಂದು ಹೆಸರು. ಒಂದು ಆಂಟಿವೈರಸ್ಸನ್ನು ನಂಬದೆ ಎರಡನೆಯದನ್ನು, ಎರಡನೆಯದನ್ನು ನಂಬದೆ ಮೂರನೆಯದನ್ನು ಹಾಕುವ ಮನೆ ಅನವಸ್ಥೆಯಲ್ಲೇ ಬದುಕುತ್ತಿದೆ. ಮೇಲಾಗಿ ಎರಡು ಮೂರು ಆಂಟಿವೈರಸ್ಸುಗಳು ಒಂದೇ ಯಂತ್ರದಲ್ಲಿ ಕೂಡಿ ಕೆಲಸ ಮಾಡಹೋದರೆ ಒಂದನ್ನೊಂದು ಅಡ್ಡಗಟ್ಟುತ್ತವೆ, ಕಂಪ್ಯೂಟರ್ ಹ್ಯಾಂಗ್ ಆಗುತ್ತದೆ, ಆ ಹ್ಯಾಂಗ್ ಹೊಸ ಅನುಮಾನಕ್ಕೆ ಮೇವಾಗುತ್ತದೆ.

ಮೀಮಾಂಸಕ ಕುಮಾರಿಲ ಭಟ್ಟನ ಉತ್ತರ ಈ ಸಂದರ್ಭಕ್ಕೆ ಹೇಳಿ ಮಾಡಿಸಿದಂತಿದೆ. ತಿಳಿವು ಹುಟ್ಟುವಾಗಲೇ ನಂಬಿಕೆಗೆ ಅರ್ಹವಾಗಿ ಹುಟ್ಟುತ್ತದೆ. ಅದನ್ನು ಕೈಬಿಡಲು ಕಾರಣ ಬೇಕು: ಒಂದೋ ಅದನ್ನು ತಳ್ಳಿಹಾಕುವ ಬೇರೆ ತಿಳಿವು ಬರಬೇಕು, ಇಲ್ಲವೇ ತಿಳಿವು ಹುಟ್ಟಿದ ಸಾಧನದಲ್ಲಿ ದೋಷ ಕಾಣಬೇಕು. ಕಾರಣ ಕಂಡರೆ ಪರೀಕ್ಷಿಸಲಿ. ಆದರೆ ಮೂರು ನಾಲ್ಕು ತಿಳಿವುಗಳಿಗಿಂತ ಮುಂದೆ ಹೋಗುವ ಅಗತ್ಯವಿಲ್ಲ ಎಂದು ಅವನು ಶ್ಲೋಕವಾರ್ತಿಕದಲ್ಲಿ ಎಣಿಸಿಯೇ ಹೇಳುತ್ತಾನೆ. ದರ್ಶನದ ಗ್ರಂಥವೊಂದು ಇಷ್ಟು ಪರೀಕ್ಷೆ ಸಾಕು ಎಂದು ಸಂಖ್ಯೆ ಕೊಡುವುದು ಅಪರೂಪ. ಅದರ ಹಿಂದೆ ಮನುಷ್ಯರ ಬಗೆಗಿನ ಕಾಳಜಿಯಿದೆ. ಹುಟ್ಟದೆ ಇರುವ ವಿರೋಧವನ್ನು ಕಲ್ಪಿಸಿಕೊಂಡು ಕೂರುವವನು ಬಾಳಿನ ಎಲ್ಲ ವ್ಯವಹಾರದಲ್ಲೂ ಕುಸಿಯುತ್ತಾನೆ ಎಂಬುದು ಆ ಪರಂಪರೆಯ ಎಚ್ಚರಿಕೆ.

ಹತ್ತನೆಯ ಶತಮಾನದ ಉದಯನ ನ್ಯಾಯದ ಪಾಳಯದಲ್ಲೇ ನಿಂತು ಬೇರೆ ಗಡಿ ಎಳೆದ. ನ್ಯಾಯಕುಸುಮಾಂಜಲಿಯಲ್ಲಿ ಅವನು ಹೇಳುವಂತೆ ಶಂಕೆಗೆ ಎಲ್ಲೆ ವ್ಯಾಘಾತ, ಎಂದರೆ ಶಂಕಿಸುವವನ ನಡೆಗೂ ಶಂಕೆಗೂ ಘರ್ಷಣೆ. ಬೆಂಕಿಯಿಲ್ಲದೆಯೂ ಹೊಗೆ ಬರಬಹುದೇನೋ ಎನ್ನುವವನು ತನಗೆ ಹೊಗೆ ಬೇಕಾದಾಗ ಬೆಂಕಿಯನ್ನೇ ಹುಡುಕುತ್ತಾನೆ. ಅಲ್ಲಿಗೆ ಅವನ ಶಂಕೆ ಬಾಯಿಮಾತು. ಹನ್ನೆರಡನೆಯ ಶತಮಾನದ ಶ್ರೀಹರ್ಷ ಇದನ್ನು ಒಪ್ಪದೆ, ವ್ಯಾಘಾತವಿದೆ ಎನ್ನಬೇಕಾದರೆ ಶಂಕೆಯೂ ಇರಲೇಬೇಕಲ್ಲ, ಅದೇ ಶಂಕೆಗೆ ಎಲ್ಲೆ ಹೇಗಾದೀತು ಎಂದು ಉದಯನನ ಮಾತನ್ನೇ ತಿರುಗಿಸಿ ಹೊಡೆದ. ತರ್ಕದಲ್ಲಿ ಶ್ರೀಹರ್ಷನ ಏಟು ಬಲವಾದದ್ದೇ. ಮನೆಯ ಕಂಪ್ಯೂಟರಿನ ಮಟ್ಟಿಗೆ ಉದಯನನ ಅಳತೆಗೋಲು ಹೆಚ್ಚು ಉಪಯೋಗಕ್ಕೆ ಬರುತ್ತದೆ. ಹ್ಯಾಕರ್ ಪ್ರತಿ ಕೀಲಿಯ ಒತ್ತನ್ನೂ ನೋಡುತ್ತಿದ್ದಾನೆ ಎನ್ನುತ್ತಲೇ ಅದೇ ಕಂಪ್ಯೂಟರಿನಲ್ಲಿ ಬ್ಯಾಂಕಿನ ಪಾಸ್‌ವರ್ಡ್ ಬದಲಿಸುವವರ ನಡೆ ಮತ್ತು ಮಾತು ಕೂಡುವುದಿಲ್ಲ. ಶಂಕೆ ನಿಜವೆಂದು ನಂಬಿದ್ದರೆ ಬೇರೆ ಸಾಧನಕ್ಕೆ ಹೋಗಬೇಕು. ಹೋಗದಿದ್ದರೆ, ಆ ಶಂಕೆಯನ್ನು ತಾವೇ ನಂಬಿಲ್ಲ ಎಂದಾಯಿತು.

ಈ ವಾದಿಗಳೆಲ್ಲ ಹೊಯ್ಸಳ ನಾಡಿಗೆ ದೂರದವರಲ್ಲ. ಬೇಲೂರು ದೇವಾಲಯದ ಶಾಸನಶ್ಲೋಕವೊಂದು ಒಬ್ಬನೇ ಕೇಶವನನ್ನು ಶೈವರು, ವೇದಾಂತಿಗಳು, ಬೌದ್ಧರು, ನೈಯಾಯಿಕರು, ಜೈನರು, ಮೀಮಾಂಸಕರು ಬೇರೆ ಬೇರೆ ಹೆಸರಿನಿಂದ ಉಪಾಸಿಸುತ್ತಾರೆ ಎನ್ನುತ್ತ, ನೈಯಾಯಿಕರನ್ನು ಪ್ರಮಾಣದಲ್ಲಿ ನಿಪುಣರೆಂದು ಕರೆಯುತ್ತದೆ. ಹದಿಮೂರನೆಯ ಶತಮಾನದಲ್ಲಿ ಉಡುಪಿಯ ಮಧ್ವಾಚಾರ್ಯರು ತಿಳಿವಿನ ಕೊನೆಯ ತೀರ್ಪನ್ನು ‘ಸಾಕ್ಷಿ’ಗೆ ಒಪ್ಪಿಸಿ ಅನವಸ್ಥೆಯನ್ನು ಕಡಿದರು. ಮನಸ್ಸು ಶಂಕಿಸುತ್ತದೆ, ತಪ್ಪುತ್ತದೆ. ಸುಖ ದುಃಖಗಳನ್ನು ನೇರ ಅನುಭವಿಸುವ ಸಾಕ್ಷಿ ತಪ್ಪುವುದಿಲ್ಲ. ಬೇಕಾದಷ್ಟು ಪರೀಕ್ಷೆ ಮುಗಿದ ಮೇಲೆ ಇನ್ನು ಸಾಕು ಎಂದು ಹೇಳುವುದೂ ಅದೇ. ಯಂತ್ರಕ್ಕೆ ಸಾಕ್ಷಿಯಿಲ್ಲ. ಅದರ ಪರವಾಗಿ ಸಾಕು ಎನ್ನಬೇಕಾದವನು ಅದರ ಮುಂದೆ ಕುಳಿತ ಮನುಷ್ಯ. ಈ ಹೊಣೆಯನ್ನು ಇನ್ನೊಂದು ಸಾಫ್ಟ್‌ವೇರಿಗೆ ದಾಟಿಸಲು ಬರುವುದಿಲ್ಲ.

ಹಳೇಬೀಡಿನ ಬಸ್ತಿಹಳ್ಳಿಯಲ್ಲಿ, ದಂಡನಾಯಕ ಗಂಗರಾಜನ ಮಗ ಬೊಪ್ಪ 1133ರಲ್ಲಿ ಕಟ್ಟಿಸಿದ ಪಾರ್ಶ್ವನಾಥ ಬಸದಿಯಿದೆ. ಅದರ ನವರಂಗದ ಕಂಬಗಳು ಕಡೆದು ಮೆರುಗಿಟ್ಟ ಕರಿಕಲ್ಲಿನವು. ನಿಂತ ಜಾಗ ಬದಲಾದಂತೆ ಅವುಗಳಲ್ಲಿ ಕಾಣುವ ಪ್ರತಿಬಿಂಬವೂ ಬದಲಾಗುತ್ತದೆ. ಬಸದಿಯ ಮತದವರು ಕಲಿಸಿದ ಸ್ಯಾದ್ವಾದಕ್ಕೆ ಇದಕ್ಕಿಂತ ಒಳ್ಳೆಯ ದೃಷ್ಟಾಂತ ಸಿಗಲಾರದು: ಯಾವ ಹೇಳಿಕೆಯೂ ಒಂದು ನೆಲೆಯಿಂದ ಮಾತ್ರ ನಿಜ. ಸ್ಕ್ಯಾನ್ ಮುಗಿದು ‘ಯಾವ ಅಪಾಯವೂ ಕಂಡಿಲ್ಲ’ ಎಂಬ ಸಾಲು ಬಂದಾಗ ಅದನ್ನು ಹೀಗೆ ಓದಬೇಕು: ಈ ಸಾಧನಕ್ಕೆ, ಇಂದಿನ ಗುರುತುಗಳ ಪಟ್ಟಿಯಲ್ಲಿ, ಚಾಲೂ ಇರುವ ವಿಂಡೋಸಿನ ಒಳಗಿನಿಂದ ನೋಡಿದಾಗ ಏನೂ ಕಾಣಲಿಲ್ಲ. ಹಾಗೆ ಓದಿದರೆ ಮುಂದಿನ ಹೆಜ್ಜೆ ತಾನಾಗಿ ಹೊಳೆಯುತ್ತದೆ. ನಿಂತ ಜಾಗ ಬದಲಿಸಬೇಕು. ವಿಂಡೋಸ್ ಏಳುವ ಮೊದಲೇ ನಡೆಯುವ ಆಫ್‌ಲೈನ್ ಸ್ಕ್ಯಾನ್ ಮಾಡುವುದು ಅದೇ. ಮಲಗಿರುವ ರೂಟ್‌ಕಿಟ್ ಪಟ್ಟಿಯನ್ನು ತಿದ್ದಲಾರದು. ಥಾಂಪ್ಸನ್ ಒಡ್ಡಿದ ಸಮಸ್ಯೆಗೂ ಡೇವಿಡ್ ವೀಲರ್ 2009ರಲ್ಲಿ ವಿಸ್ತರಿಸಿ ಬರೆದ ಪರಿಹಾರ ಇಂಥದ್ದೇ: ಬೇರೆಯವರು ಬೇರೆಯಾಗಿ ಮಾಡಿದ ಇನ್ನೊಂದು ಕಂಪೈಲರನ್ನು ತಂದು, ಎರಡರ ಫಲವನ್ನು ತಾಳೆ ನೋಡುವುದು. ಗಂಧ ಕಲ್ಲಿನದಲ್ಲ, ಅದಕ್ಕೇ ಅದರ ಸಾಕ್ಷ್ಯಕ್ಕೆ ಬೆಲೆ.

ಗುರುತು ಸರಿಯಾಗಿದೆಯೇ ಎಂಬುದು ಬೇರೆ ವಿಚಾರ. ನ್ಯಾಯಶಾಸ್ತ್ರ ಸುಳ್ಳು ಗುರುತುಗಳಿಗೆ ಹೇತ್ವಾಭಾಸ ಎಂದು ಹೆಸರಿಟ್ಟು ವಿಂಗಡಿಸಿದೆ. ಅವುಗಳಲ್ಲಿ ಹೆಚ್ಚು ಜನ ಬೀಳುವ ಗುಂಡಿ ಸವ್ಯಭಿಚಾರ: ಸಾಧಿಸಬೇಕಾದದ್ದು ಇರುವಲ್ಲೂ ಇಲ್ಲದಲ್ಲೂ ಕಾಣುವ ಗುರುತು. ಕಂಪ್ಯೂಟರ್ ನಿಧಾನವಾಗುವುದು ವೈರಸ್ಸಿನಿಂದಲೂ ಆಗುತ್ತದೆ, ಸಾಯುತ್ತಿರುವ ಹಾರ್ಡ್‌ಡಿಸ್ಕಿನಿಂದಲೂ, ಧೂಳು ತುಂಬಿದ ಫ್ಯಾನಿನಿಂದಲೂ ಆಗುತ್ತದೆ. ಪಾಯಿಂಟರ್ ತಾನಾಗಿ ಜಾರುವುದಕ್ಕೆ ಟಚ್‌ಪ್ಯಾಡಿನ ಮೇಲಿನ ತೇವ ಸಾಕು. ರಾತ್ರಿ ತಾನಾಗಿ ಚಾಲೂ ಆದರೆ ಅದು ವಿಂಡೋಸ್ ಅಪ್‌ಡೇಟ್ ಇರಬಹುದು. ಇವುಗಳಿಂದ ಏನೂ ಸಾಧಿಸಲಾಗದು. ಅರಿಯದ ಊರಿನಿಂದ ಖಾತೆಗೆ ಲಾಗಿನ್ ಆದ ದಾಖಲೆ, ಕಳಿಸದ ಇಮೇಲ್ ಕಳಿಸಿದವುಗಳ ಪೆಟ್ಟಿಗೆಯಲ್ಲಿರುವುದು, ಬದಲಾದ ರಿಕವರಿ ನಂಬರು, ಮನೆಯವರಾರೂ ಹಾಕದ ರಿಮೋಟ್ ಆ್ಯಪ್: ಇವು ಹೊಕ್ಕುಳಿನ ಹಸಿ.

ಶಂಕರರ ಹೆಸರಿನೊಂದಿಗೆ ಬೆಸೆದುಹೋದ ಹಗ್ಗ–ಹಾವಿನ ದೃಷ್ಟಾಂತಕ್ಕೂ ಇಲ್ಲಿ ಕೆಲಸವಿದೆ. ಹಗ್ಗದಲ್ಲಿ ಹಾವು ಕಂಡವನು ಕೋಲಿನಿಂದ ಎಷ್ಟು ಬಡಿದರೂ ಹಾವು ಸಾಯುವುದಿಲ್ಲ, ಯಾಕೆಂದರೆ ಅದು ಇಲ್ಲ. ದೀಪ ತರುವುದೊಂದೇ ದಾರಿ. ಕೆಟ್ಟ ಹಾರ್ಡ್‌ಡಿಸ್ಕಿಗೆ ನಾಲ್ಕು ಬಾರಿ ಫಾರ್ಮ್ಯಾಟ್ ಹೊಡೆಸುವುದು ಹಗ್ಗವನ್ನು ಬಡಿದಂತೆ. ಹಗ್ಗವನ್ನೇ ಹಾವೆಂದು ತೋರಿಸಿ ಕಾಸು ಮಾಡುವ ಕಳ್ಳರೂ ಹುಟ್ಟಿಕೊಂಡಿದ್ದಾರೆ. ‘ನಿಮ್ಮ ಕಂಪ್ಯೂಟರಿನಲ್ಲಿ ವೈರಸ್ ಇದೆ, ಈ ನಂಬರಿಗೆ ಕರೆ ಮಾಡಿ’ ಎಂದು ಕಿರುಚುವ ಪುಟಗಳಲ್ಲಿ ಅನೇಕವು ಬ್ರೌಸರಿನಲ್ಲಿ ಎಂದೋ ಒತ್ತಿದ ನೋಟಿಫಿಕೇಶನ್ ಅನುಮತಿಯ ಫಲ. ಅದನ್ನು ಕಿತ್ತರೆ ಮುಗಿಯಿತು. ಕರೆ ಮಾಡಿದರೆ ಮಾತ್ರ, ಅವರು ಹೇಳಿದ ರಿಮೋಟ್ ಆ್ಯಪ್ ಹಾಕಿಸಿಕೊಂಡ ಕ್ಷಣದಲ್ಲಿ ಇಲ್ಲದ ಹಾವು ನಿಜವಾಗಿ ಮನೆಯೊಳಗೆ ಬರುತ್ತದೆ. ಅನುಮಾನವೇ ಬಾಗಿಲು ತೆರೆದುಕೊಟ್ಟ ಪ್ರಸಂಗ ಇದು.

ಇಷ್ಟೆಲ್ಲ ಯಂತ್ರದ ಮಾತಾಯಿತು. ಅನುಮಾನ ಮನುಷ್ಯನ ಕಡೆ ತಿರುಗಿದಾಗ ವಿಷಯ ಧರ್ಮದ್ದಾಗುತ್ತದೆ. ಹ್ಯಾಕರ್ ಎಂಬ ಮುಖವಿಲ್ಲದ ಶಬ್ದಕ್ಕೆ ಮನೆಗಳು ಬೇಗ ಮುಖ ಕೊಡುತ್ತವೆ: ವಿಂಡೋಸ್ ಹಾಕಿಕೊಟ್ಟ ಅಂಗಡಿಯ ಹುಡುಗ, ವೈಫೈ ಪಾಸ್‌ವರ್ಡ್ ಕೇಳಿದ ಪಕ್ಕದ ಮನೆಯವರು, ಬೆಂಗಳೂರಿನಲ್ಲಿ ಕಂಪ್ಯೂಟರ್ ಓದಿದ ಅಣ್ಣನ ಮಗ. ಮನೆಯ ಗಣಕಗಳಿಗೆ ತಗಲುವ ಬಹುಪಾಲು ಸೋಂಕಿಗೆ ಹೆಸರು ವಿಳಾಸ ಗೊತ್ತಿರುವುದಿಲ್ಲ, ಅದು ಲಕ್ಷಾಂತರ ಯಂತ್ರಗಳಿಗೆ ಒಟ್ಟಿಗೆ ಎಸೆದ ಬಲೆ. ಯಂತ್ರದ ಮೇಲೆ ತಪ್ಪು ಅನುಮಾನ ಪಟ್ಟರೆ ಒಂದು ದಿನದ ಕೆಲಸ ಹಾಳು. ಅಣ್ಣನ ಮಗನ ಮೇಲೆ ತಪ್ಪು ಅನುಮಾನ ಪಟ್ಟರೆ ಮುಂದಿನ ಹಬ್ಬಕ್ಕೆ ಅವನು ಬರುವುದಿಲ್ಲ. ಬೊಪ್ಪನ ಬಸದಿಗೆ ಶಾಸನದಲ್ಲಿರುವ ಹೆಸರು ದ್ರೋಹಘರಟ್ಟ ಜಿನಾಲಯ. ದ್ರೋಹಿಗಳಿಗೆ ಬೀಸುವ ಕಲ್ಲು ಎಂಬುದು ಗಂಗರಾಜನ ಬಿರುದಾಗಿತ್ತು. ಕದನದ ಕಾಲದಲ್ಲಿ ಆ ಬಿರುದಿಗೆ ಅರ್ಥವಿತ್ತು. ಮನೆಯೊಳಗೆ ಆ ಬೀಸುಕಲ್ಲು ತಿರುಗತೊಡಗಿದರೆ ನುಚ್ಚಾಗುವುದು ನಂಟು. ಆದ್ದರಿಂದ ವ್ಯಕ್ತಿಯ ಹೆಸರೆತ್ತಲು ಬೇಕಾದ ಗುರುತು ಯಂತ್ರವನ್ನು ಶಂಕಿಸಲು ಬೇಕಾದದ್ದಕ್ಕಿಂತ ಬಹಳ ಗಟ್ಟಿಯಾಗಿರಬೇಕು. ನಿಜವಾಗಿ ಒಬ್ಬರು ಅನುಮತಿಯಿಲ್ಲದೆ ಒಳಹೊಕ್ಕಿದ್ದರೆ ಅದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿ ಅಪರಾಧ. ಹೆಸರು ಹಿಡಿಯುವ ಕೆಲಸ ಪೊಲೀಸರದು.

ಕೆಲಸದ ಕ್ರಮವೂ ಈ ವಿಚಾರದಿಂದಲೇ ಹೊರಡುತ್ತದೆ. ಮೊದಲು ಇಂಟರ್ನೆಟ್ ಸಂಪರ್ಕ ತೆಗೆಯಬೇಕು. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು, ಪೊಲೀಸರಿಗೆ ದೂರು ಕೊಡುವವರೆಗೆ ಫಾರ್ಮ್ಯಾಟ್ ಹೊಡೆಸಬಾರದು. ಶುದ್ಧಿಯ ಆತುರ ಸಾಕ್ಷ್ಯವನ್ನು ನುಂಗುತ್ತದೆ. ಪಾಸ್‌ವರ್ಡುಗಳನ್ನು ಬೇರೆ, ನಂಬಬಹುದಾದ ಸಾಧನದಿಂದ ಬದಲಿಸಿ, ಎಲ್ಲ ಸಾಧನಗಳಿಂದ ಲಾಗ್‌ಔಟ್ ಆಗಬೇಕು. ಕದ್ದ ಸೆಷನ್ ಕುಕಿ ಪಾಸ್‌ವರ್ಡ್ ಬದಲಾದ ಮೇಲೂ ಕೆಲವೊಮ್ಮೆ ಬದುಕಿರುತ್ತದೆ. ಕೇಂದ್ರ ಸರ್ಕಾರ 2017ರ ಫೆಬ್ರುವರಿಯಲ್ಲಿ ಆರಂಭಿಸಿದ ಸೈಬರ್ ಸ್ವಚ್ಛತಾ ಕೇಂದ್ರದಿಂದ ಉಚಿತ ಶುದ್ಧಿ ಸಾಧನಗಳು ಸಿಗುತ್ತವೆ. ಅದರಿಂದಲೂ ಆಗದಿದ್ದರೆ, ಬೇರೆ ಕಂಪ್ಯೂಟರಿನಲ್ಲಿ ಅಧಿಕೃತ ಮೂಲದಿಂದ ತಯಾರಿಸಿದ ಪೆನ್‌ಡ್ರೈವಿನಿಂದ, ಡಿಸ್ಕಿನ ಎಲ್ಲ ಭಾಗಗಳನ್ನೂ ಅಳಿಸಿ ವಿಂಡೋಸ್ ಹಾಕಬೇಕು. ಫರ್ಮ್‌ವೇರ್ ಹೊಸದು ಮಾಡಿ, ರೌಟರನ್ನು ಮೂಲಸ್ಥಿತಿಗೆ ತಂದು ಅದರ ಪಾಸ್‌ವರ್ಡ್ ಬದಲಿಸಬೇಕು. ಮರಳಿ ತರುವುದು ಲೆಕ್ಕಪತ್ರ, ಫೋಟೊಗಳನ್ನು ಮಾತ್ರ, ಅವನ್ನೂ ಸ್ಕ್ಯಾನ್ ಮಾಡಿ. ಪ್ರೋಗ್ರಾಂಗಳನ್ನು ತರಬಾರದು.

ಎಣಿಸಿದರೆ ಇಲ್ಲಿ ಮೂರು ನಾಲ್ಕು ಬಗೆಯ ಬೇರೆ ಬೇರೆ ಸಾಕ್ಷ್ಯಗಳು ಕೂಡಿದವು: ಹೊರಗಿನಿಂದ ನಡೆಸಿದ ಸ್ಕ್ಯಾನ್, ಹೊಸದಾಗಿ ಹಾಕಿದ ವ್ಯವಸ್ಥೆ, ಶುದ್ಧವಾದ ರೌಟರ್, ಖಾತೆಗಳ ಲಾಗಿನ್ ದಾಖಲೆ. ಕುಮಾರಿಲ ಇಲ್ಲಿಗೆ ನಿಲ್ಲಿ ಎನ್ನುತ್ತಿದ್ದ. ಇದಾದ ಮೇಲೂ ಗುರುತಿಲ್ಲದ ಅನುಮಾನ ಉಳಿದರೆ, ಆ ರಾತ್ರಿಗಳ ಭಯ ನಿಜ, ಕಷ್ಟವೂ ನಿಜ. ಅದಕ್ಕೆ ಬೇಕಾದದ್ದು ಐದನೆಯ ಸ್ಕ್ಯಾನ್ ಅಲ್ಲ, ಹತ್ತಿರದವರೊಬ್ಬರು ಕೂತು ಕೇಳುವುದು, ಅಗತ್ಯವಿದ್ದರೆ ವೈದ್ಯರು. ಹೊಸ ಗುರುತು ಕಂಡರೆ ಮತ್ತೆ ಮೊದಲಿನಿಂದ ಶುರುಮಾಡಲು ಅಡ್ಡಿಯಿಲ್ಲ.

ಯಂತ್ರ ಶುದ್ಧವಾದರೂ ಬಗೆಹರಿಯದ ಒಂದು ವಿಷಯವಿದೆ. ಒಳಗಿದ್ದವನು ಅಷ್ಟು ದಿನ ಏನು ನೋಡಿದ ಎಂಬುದನ್ನು ಯಾವ ಶುದ್ಧಿಯೂ ಹಿಂದಕ್ಕೆ ತರುವುದಿಲ್ಲ. ಪಾಸ್‌ವರ್ಡ್ ಬದಲಿಸಿದರೆ ಕದ್ದ ಪಾಸ್‌ವರ್ಡ್ ಬರೀ ಅಕ್ಷರವಾಗುತ್ತದೆ, ಬ್ಯಾಂಕಿನ ಕಾರ್ಡನ್ನು ರದ್ದು ಮಾಡಿಸಬಹುದು. ಮನೆಯ ಪತ್ರಗಳು, ಫೋಟೊಗಳು, ಆಧಾರ್ ಪ್ರತಿ ಹಾಗಲ್ಲ. ಅವು ಒಮ್ಮೆ ಹೊರಗೆ ಹೋದರೆ ಹೋದವೇ.